ಗೊಮ್ಮಟರಾಯನ ಪ್ರಶ್ನೆ: ನೇಮಿಚಂದ್ರ–ಚಾವುಂಡರಾಯರ ಧರ್ಮಸಂವಾದ

ಜಿನಾಗಮವು ಸ್ವಾಧ್ಯಾಯವನ್ನು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸಿದೆ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯದ ಐದು ಭೇದಗಳನ್ನು ಹೇಳುವಾಗ ವಾಚನೆಯ ಬೆನ್ನಿಗೇ ಪೃಚ್ಛನೆಯನ್ನು ಇರಿಸಿದ್ದಾರೆ. ಓದಿದ ಮೇಲೆ ಕೇಳಬೇಕು. ಕೇಳಿದ ಮೇಲೆ ಅನುಪ್ರೇಕ್ಷೆ, ಅನಂತರ ಆಮ್ನಾಯ, ಕಡೆಗೆ ಧರ್ಮೋಪದೇಶ. ಪ್ರಶ್ನಿಸುವುದು ಶ್ರದ್ಧೆಗೆ ಕೊರತೆಯಲ್ಲ, ತಪಸ್ಸಿನ ಒಂದು ಅಂಗ ಎಂಬುದು ಇದರ ತಾತ್ಪರ್ಯ. ನಮ್ಮ ಪುರಾಣಗಳೆಲ್ಲವೂ ಮಗಧೇಶ್ವರ ಶ್ರೇಣಿಕನು ಪ್ರಶ್ನಿಸಲು ಗೌತಮ ಗಣಧರರು ಉತ್ತರಿಸಿದ ಕ್ರಮದಲ್ಲಿಯೇ ಹರಿದುಬಂದಿವೆ. ಶ್ರೇಣಿಕನು ಮೌನವಾಗಿ ಕೈಮುಗಿದು ಹಿಂದಿರುಗಿದ್ದರೆ ಪುರಾಣವೇ ಇಲ್ಲ.

ಈ ಪರಂಪರೆಯ ಒಂದು ಉಜ್ಜ್ವಲ ನಿದರ್ಶನ ಕನ್ನಡ ನಾಡಿನಲ್ಲಿಯೇ, ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಡೆಯಿತು. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಕೇಳಿದನು. ದೇಶೀಯ ಗಣದ ಶ್ರೀಮನ್ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಉತ್ತರಿಸಿದರು. ಆ ಸಂವಾದದ ಫಲವಾಗಿ ಒಂದು ಮಹಾಗ್ರಂಥ ಹುಟ್ಟಿತು. ಅದೇ ಶ್ರಾವಕನ ಸಂಕಲ್ಪದಿಂದ ವಿಂಧ್ಯಗಿರಿಯ ಶಿಖರದಲ್ಲಿ ಒಂದು ಮಹಾಬಿಂಬ ಮೂಡಿತು. ಗ್ರಂಥದ ಹೆಸರು ಗೊಮ್ಮಟಸಾರ. ಬಿಂಬದ ಹೆಸರು ಗೊಮ್ಮಟೇಶ್ವರ. ‘ಗೊಮ್ಮಟ’ ಎಂಬುದು ಚಾವುಂಡರಾಯನದೇ ಇನ್ನೊಂದು ಹೆಸರೆಂದು ಡಾ. ಆ. ನೇ. ಉಪಾಧ್ಯೆಯವರು ಪ್ರತಿಪಾದಿಸಿದ್ದಾರೆ. ಈ ಅಭಿಪ್ರಾಯದಂತೆ ಗೊಮ್ಮಟನಿಗಾಗಿ ಸಂಗ್ರಹಿಸಿದ ಸಾರ ಗೊಮ್ಮಟಸಾರ, ಗೊಮ್ಮಟನ ಆರಾಧ್ಯ ಈಶ್ವರ ಗೊಮ್ಮಟೇಶ್ವರ. ಶಾಸ್ತ್ರವೂ ಶಿಲ್ಪವೂ ಒಬ್ಬ ಗೃಹಸ್ಥನ ಹೆಸರಿನಲ್ಲಿ ಕೂಡಿದ ಈ ಪ್ರಸಂಗವನ್ನು ಬಿಂಬಪ್ರತಿಷ್ಠೆಯ ಶುಭಸಂದರ್ಭದಲ್ಲಿ ಸ್ಮರಿಸುವುದು ಉಚಿತವಾಗಿದೆ.

ಸಾಮ್ರಾಜ್ಯಗಳು ಅಳಿದ ಕಾಲ

ಚಾವುಂಡರಾಯನು ಬಾಳಿದುದು ಸ್ಥಿರವಾದ ಕಾಲದಲ್ಲಲ್ಲ. ಅವನು ಗಂಗ ದೊರೆ ಇಮ್ಮಡಿ ಮಾರಸಿಂಹನಿಗೂ ಅನಂತರ ನಾಲ್ಮಡಿ ರಾಚಮಲ್ಲನಿಗೂ ಸೇವೆ ಸಲ್ಲಿಸಿದವನು. ದಕ್ಷಿಣಾಪಥವನ್ನು ಎರಡು ಶತಮಾನಗಳಿಗೂ ಮಿಗಿಲಾಗಿ ಆಳಿದ ರಾಷ್ಟ್ರಕೂಟರ ಸಾಮ್ರಾಜ್ಯವು 973ರಲ್ಲಿ ಚಾಲುಕ್ಯ ತೈಲಪನ ಕೈಯಲ್ಲಿ ಉರುಳಿತು. ಅದನ್ನು ಎತ್ತಿ ನಿಲ್ಲಿಸಲು ಹೆಣಗಿದ ಮಾರಸಿಂಹನು ಕೊನೆಗೆ ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಗೊಂಡು ದೇಹವನ್ನು ಬಿಟ್ಟನು. ಈ ಸಂಗತಿಯನ್ನು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವ ಕಂಬದ ಶಾಸನವು ಹೇಳುತ್ತದೆ. ರಾಷ್ಟ್ರಕೂಟ ವಂಶದ ಕೊನೆಯ ಕುಡಿಯಾದ ನಾಲ್ಕನೆಯ ಇಂದ್ರನು 982ರಲ್ಲಿ, ಗೊಮ್ಮಟಮೂರ್ತಿ ನಿಂತ ಮರುವರ್ಷವೇ, ಬೆಳಗೊಳದಲ್ಲಿಯೇ ಸಲ್ಲೇಖನ ವಿಧಿಯಿಂದ ಮೃತನಾದನು.

ಸಿಂಹಾಸನಗಳ ಏಳುಬೀಳನ್ನು ಕಣ್ಣಾರೆ ಕಂಡ ಮಂತ್ರಿಯ ಮನಸ್ಸಿನಲ್ಲಿ ‘ಉಳಿಯುವುದು ಯಾವುದು?’ ಎಂಬ ಪ್ರಶ್ನೆ ಏಳುವುದು ಸಹಜ. ಜೀವನೆಂದರೇನು, ಕರ್ಮವು ಹೇಗೆ ಕಟ್ಟುತ್ತದೆ, ಹೇಗೆ ಬಿಡುತ್ತದೆ ಎಂಬ ಸಿದ್ಧಾಂತಚರ್ಚೆಯು ಅವನಿಗೆ ವಿರಾಮಕಾಲದ ವಿನೋದವಾಗಿರಲಾರದು.

ಪ್ರಶ್ನಿಸಿದ ವೀರ

ಚಾವುಂಡರಾಯನ ಬಿರುದುಗಳು ಎರಡು ಬಗೆಯವು. ಸಮರಧುರಂಧರ, ವೀರಮಾರ್ತಾಂಡ, ರಣರಂಗಸಿಂಗ, ಸಮರಪರಶುರಾಮ ಎಂಬವು ಯುದ್ಧಭೂಮಿಯಲ್ಲಿ ಗಳಿಸಿದವು. ಗೋನೂರಿನ ಬಯಲಿನಲ್ಲಿ ನೊಳಂಬರೊಡನೆ ಕಾದಿದುದಕ್ಕೆ ವೀರಮಾರ್ತಾಂಡನೆಂದೂ, ಉಚ್ಚಂಗಿಯ ಕೋಟೆಯ ಕಾಳಗದಿಂದ ರಣರಂಗಸಿಂಗನೆಂದೂ ಹೆಸರಾಯಿತು. ಸಮ್ಯಕ್ತ್ವರತ್ನಾಕರ, ಶೌಚಾಭರಣ, ಗುಣರತ್ನಭೂಷಣ, ಸತ್ಯಯುಧಿಷ್ಠಿರ ಎಂಬವು ಶೀಲದಿಂದ ಬಂದವು. ವಿನೋದಕ್ಕೂ ಸುಳ್ಳಾಡದವನಾದುದರಿಂದ ಅವನು ಸತ್ಯಯುಧಿಷ್ಠಿರನೆನಿಸಿದನು. ಒಬ್ಬನೇ ವ್ಯಕ್ತಿ ರಣರಂಗದಲ್ಲಿ ಸಿಂಹವೂ ಸಮ್ಯಕ್ತ್ವಕ್ಕೆ ಸಾಗರವೂ ಆಗಬೇಕಾದ ಸಂಕಟ ಈ ಬಿರುದುಗಳ ಪಟ್ಟಿಯಲ್ಲಿಯೇ ಅಡಗಿದೆ.

ಇವುಗಳಲ್ಲಿ ‘ಸಮರಪರಶುರಾಮ’ ಎಂಬ ಬಿರುದಿನ ಹಿನ್ನೆಲೆ ವಿಶೇಷವಾಗಿ ಗಮನಾರ್ಹ. ಚಾವುಂಡರಾಯನ ತಮ್ಮ ನಾಗವರ್ಮನನ್ನು ಚಲದಂಕಗಂಗನೆಂಬ ಬಿರುದಿನ ಮುದುರಾಚಯ್ಯನು ಕೊಂದನು. ತಮ್ಮನ ಸಾವಿಗೆ ಪ್ರತೀಕಾರವಾಗಿ ಚಾವುಂಡರಾಯನು ಮುದುರಾಚಯ್ಯನನ್ನು ಕೊಂದನು. ಸಹೋದರನಿಗಾಗಿ ಖಡ್ಗವೆತ್ತಿದ ಈ ಕೈಯೇ ಮುಂದೆ, ಸಹೋದರನೊಡನೆ ಕಾದು ಗೆದ್ದು ಗೆಲವನ್ನೇ ತೊರೆದ ಬಾಹುಬಲಿಸ್ವಾಮಿಯ ಬಿಂಬವನ್ನು ಮಾಡಿಸಿತು.

ಅವನು ಕೇವಲ ಯೋಧನಲ್ಲ, ಗ್ರಂಥಕರ್ತನೂ ಅಹುದು. 978ರಲ್ಲಿ ಅವನು ರಚಿಸಿದ ತ್ರಿಷಷ್ಟಿಲಕ್ಷಣ ಮಹಾಪುರಾಣವು ಚಾವುಂಡರಾಯಪುರಾಣವೆಂದು ಪ್ರಸಿದ್ಧವಾಗಿದೆ. ವಡ್ಡಾರಾಧನೆಯನ್ನು ಬಿಟ್ಟರೆ ಕನ್ನಡದಲ್ಲಿ ನಮಗೆ ದೊರೆತಿರುವ ಪ್ರಾಚೀನ ಗದ್ಯಗ್ರಂಥಗಳಲ್ಲಿ ಇದೇ ಮುಖ್ಯವಾದುದು. ಚಂಪೂಕಾವ್ಯಗಳ ವೈಭವದ ಕಾಲದಲ್ಲಿ ಅರವತ್ತಮೂರು ಶಲಾಕಾಪುರುಷರ ಚರಿತ್ರೆಯನ್ನು ಸರಳಗದ್ಯದಲ್ಲಿ ಹೇಳಿದುದು ಶ್ರಾವಕಸಮುದಾಯಕ್ಕೆ ಮಾಡಿದ ಉಪಕಾರ. ಸಂಸ್ಕೃತದಲ್ಲಿ ಅವನು ಚಾರಿತ್ರಸಾರವನ್ನೂ ಸಂಗ್ರಹಿಸಿದನು. ಬಳೆಗಾರ ಕುಲದಲ್ಲಿ ಹುಟ್ಟಿ ಮುದುವೊಳಲಿನಿಂದ ವಿದ್ಯೆಯನ್ನರಸಿ ಬಂದ ರನ್ನನಿಗೆ ಆಶ್ರಯವಿತ್ತವನೂ ಇವನೇ. ಅಜಿತಸೇನಾಚಾರ್ಯರು ರಾಯನಿಗೂ ಗುರು, ರನ್ನನಿಗೂ ಗುರು. ಮಂತ್ರಿ, ಮುನಿ, ಕವಿ ಮೂವರೂ ಒಂದೇ ವಿದ್ಯಾವಲಯದಲ್ಲಿದ್ದ ಕಾಲವದು.

ಮುಚ್ಚಿದ ಗ್ರಂಥ

ನೇಮಿಚಂದ್ರರು ಅಭಯನಂದಿ, ವೀರನಂದಿ, ಇಂದ್ರನಂದಿ ಆಚಾರ್ಯರಿಂದ ಸಿದ್ಧಾಂತವನ್ನು ಅಭ್ಯಾಸ ಮಾಡಿದವರು. ಗಿರಿನಗರದ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರು ಉಪದೇಶಿಸಿದುದನ್ನು ಪುಷ್ಪದಂತ–ಭೂತಬಲಿ ಆಚಾರ್ಯರು ಷಟ್ಖಂಡಾಗಮವಾಗಿ ರಚಿಸಿದರು. ಅದಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯು 72,000 ಗ್ರಂಥಪ್ರಮಾಣದ್ದು. ಕಷಾಯಪ್ರಾಭೃತಕ್ಕೆ ವೀರಸೇನ–ಜಿನಸೇನರು ಬರೆದ ಜಯಧವಲೆಯು 60,000 ಗ್ರಂಥಪ್ರಮಾಣದ್ದು. ಚಕ್ರವರ್ತಿಯು ತನ್ನ ಚಕ್ರದಿಂದ ಷಟ್ಖಂಡ ಪೃಥ್ವಿಯನ್ನು ಸಾಧಿಸುವಂತೆ ತಾವು ಮತಿಯೆಂಬ ಚಕ್ರದಿಂದ ಷಟ್ಖಂಡಗಳ ಆಗಮವನ್ನು ಸಾಧಿಸಿದುದಾಗಿ ನೇಮಿಚಂದ್ರರು ಕರ್ಮಕಾಂಡದಲ್ಲಿ ಹೇಳಿಕೊಂಡಿದ್ದಾರೆ. ‘ಸಿದ್ಧಾಂತಚಕ್ರವರ್ತಿ’ ಎಂಬ ಪದವಿಯ ಅರ್ಥ ಇದು.

ಗೊಮ್ಮಟಸಾರದ ಹುಟ್ಟಿಗೆ ಸಂಬಂಧಿಸಿದಂತೆ ಪರಂಪರೆಯಲ್ಲಿ ಒಂದು ಕಥೆ ಬಂದಿದೆ. ಒಂದು ದಿನ ಆಚಾರ್ಯರು ಸಿದ್ಧಾಂತಗ್ರಂಥವನ್ನು ಸ್ವಾಧ್ಯಾಯ ಮಾಡುತ್ತಿದ್ದಾಗ ಚಾವುಂಡರಾಯನು ದರ್ಶನಕ್ಕೆ ಬಂದನು. ಅವನು ಬರುತ್ತಿರುವುದನ್ನು ಕಂಡೊಡನೆ ಆಚಾರ್ಯರು ಗ್ರಂಥವನ್ನು ಮುಚ್ಚಿದರು. ರಾಯನು ವಂದಿಸಿ ಕಾರಣವನ್ನು ಕೇಳಿದನು. ಸಿದ್ಧಾಂತಗ್ರಂಥದ ಶ್ರವಣಕ್ಕೆ ಗೃಹಸ್ಥರಿಗೆ ಅಧಿಕಾರವಿಲ್ಲವೆಂದು ಆಚಾರ್ಯರು ತಿಳಿಸಿದರು. ಹಾಗಾದರೆ ಗೃಹಸ್ಥನು ಆ ಅರ್ಥವನ್ನು ತಿಳಿಯುವ ಬಗೆ ಹೇಗೆ ಎಂದು ರಾಯನು ವಿನಯದಿಂದ ಬಿನ್ನವಿಸಿದನು. ಆಚಾರ್ಯರು ಮರ್ಯಾದೆಯನ್ನೂ ಮೀರಲಿಲ್ಲ, ಪ್ರಶ್ನಿಸಿದವನನ್ನೂ ಬರಿಗೈಯಲ್ಲಿ ಕಳುಹಿಸಲಿಲ್ಲ. ಸಿದ್ಧಾಂತದ ಸಾರವನ್ನು ಪ್ರಾಕೃತ ಗಾಥೆಗಳಲ್ಲಿ ಸಂಗ್ರಹಿಸಿಕೊಟ್ಟರು.

ಈ ಕಥೆಯ ಒಂದೊಂದು ವಿವರಕ್ಕೂ ಶಾಸನದ ಆಧಾರವನ್ನು ಹುಡುಕಬೇಕಾಗಿಲ್ಲ. ಚಾವುಂಡರಾಯನ ಪ್ರಶ್ನೆಗೆ ಅನುರೂಪವಾಗಿ ಈ ಗ್ರಂಥ ರಚಿತವಾಯಿತೆಂಬುದನ್ನು ಪ್ರಾಚೀನ ಟೀಕಾಕಾರರೂ ಹೇಳಿದ್ದಾರೆ. ತ್ರಿಲೋಕಸಾರವೂ ಚಾವುಂಡರಾಯನ ಪ್ರತಿಬೋಧನೆಯ ನೆಪದಿಂದ ಹುಟ್ಟಿತೆಂದು ನೇಮಿಚಂದ್ರರ ಶಿಷ್ಯರಾದ ಮಾಧವಚಂದ್ರ ತ್ರೈವಿದ್ಯರು ಅದರ ಟೀಕೆಯಲ್ಲಿ ತಿಳಿಸುತ್ತಾರೆ. ಅದರಲ್ಲಿನ ಕೆಲವು ಗಾಥೆಗಳನ್ನು ಗುರುಸಮ್ಮತಿಯಿಂದ ತಾವೇ ರಚಿಸಿರುವುದಾಗಿಯೂ ಅವರು ಹೇಳಿದ್ದಾರೆ. ಅಂದರೆ ಈ ಗೋಷ್ಠಿಯಲ್ಲಿ ಗುರು, ಶಿಷ್ಯ, ಶ್ರಾವಕ ಮೂವರ ಪಾಲೂ ಇದ್ದಿತು.

ಉತ್ತರದ ಸ್ವರೂಪ

ಗೊಮ್ಮಟಸಾರದಲ್ಲಿ ಜೀವಕಾಂಡ, ಕರ್ಮಕಾಂಡ ಎಂಬ ಎರಡು ಭಾಗಗಳಿವೆ. ಗುಣಸ್ಥಾನ, ಜೀವಸಮಾಸ, ಪರ್ಯಾಪ್ತಿ, ಪ್ರಾಣ, ಸಂಜ್ಞೆ, ಹದಿನಾಲ್ಕು ಮಾರ್ಗಣೆಗಳು, ಉಪಯೋಗ ಎಂಬ ಇಪ್ಪತ್ತು ಪ್ರರೂಪಣೆಗಳಿಂದ ಜೀವಕಾಂಡವು ಜೀವನನ್ನು ನಿರೂಪಿಸುತ್ತದೆ. ಮೇಲುನೋಟಕ್ಕೆ ಇದು ಶುಷ್ಕವಾದ ಗಣನೆಯಂತೆ ತೋರಬಹುದು. ಆದರೆ ಪ್ರಶ್ನಿಸಿದವನು ಯಾರೆಂಬುದನ್ನು ನೆನೆದು ಓದಿದರೆ ಗಾಥೆಗಳಿಗೆ ಬೇರೊಂದು ಜೀವ ಬರುತ್ತದೆ.

ನಾಲ್ಕನೆಯ ಗುಣಸ್ಥಾನವಾದ ಅವಿರತ ಸಮ್ಯಗ್ದೃಷ್ಟಿಯ ಲಕ್ಷಣವನ್ನು ನೋಡಬಹುದು. ಇಂದ್ರಿಯವಿಷಯಗಳಿಂದಲೂ ಜೀವಹಿಂಸೆಯಿಂದಲೂ ಇನ್ನೂ ವಿರತನಾಗದಿದ್ದರೂ ಜಿನೋಕ್ತ ತತ್ತ್ವದಲ್ಲಿ ನಿಜವಾದ ಶ್ರದ್ಧೆಯುಳ್ಳವನು ಅವಿರತ ಸಮ್ಯಗ್ದೃಷ್ಟಿ. ಸೊಂಟದಲ್ಲಿ ಖಡ್ಗವನ್ನು ಧರಿಸಿ ಗುರುವಿನ ಮುಂದೆ ಕುಳಿತ ದಂಡನಾಯಕನಿಗೆ ಈ ಲಕ್ಷಣವು ಎಷ್ಟು ಸಾಂತ್ವನವನ್ನೂ ಎಷ್ಟು ಎಚ್ಚರಿಕೆಯನ್ನೂ ನೀಡಿರಬಹುದು! ಮೋಕ್ಷಮಾರ್ಗದ ಬಾಗಿಲು ಅವನಿಗೆ ಮುಚ್ಚಿಲ್ಲ; ಆದರೆ ಅದು ಮಾರ್ಗದ ಆರಂಭವಲ್ಲದೆ ಗುರಿಯಲ್ಲ. ಅದರ ಮೇಲೆ ಇನ್ನೂ ಹತ್ತು ಮೆಟ್ಟಿಲುಗಳಿವೆ.

ಇದಕ್ಕೆ ಸೇರಿದಂತೆಯೇ ಇರುವ ಇನ್ನೊಂದು ಮಾತು ಎಲ್ಲ ಕಾಲಕ್ಕೂ ಸಲ್ಲುವಂಥದು. ಸಮ್ಯಗ್ದೃಷ್ಟಿಯಾದವನು ತನಗೆ ತಿಳಿಯದೆ, ಗುರುವು ಹೇಳಿದನೆಂಬ ಕಾರಣದಿಂದ, ಇಲ್ಲದ ಅರ್ಥವನ್ನು ನಂಬಬಹುದು. ಅಷ್ಟರಿಂದ ಅವನ ಸಮ್ಯಕ್ತ್ವ ಕೆಡುವುದಿಲ್ಲ. ಆದರೆ ಸೂತ್ರದ ಆಧಾರದಿಂದ ಸರಿಯಾದ ಅರ್ಥವನ್ನು ತೋರಿಸಿಕೊಟ್ಟ ಮೇಲೂ ಹಿಡಿದುದನ್ನು ಬಿಡದಿದ್ದರೆ ಆ ಕ್ಷಣದಿಂದಲೇ ಅವನು ಮಿಥ್ಯಾದೃಷ್ಟಿ. ತಪ್ಪು ತಿಳಿಯುವುದು ದೋಷವಲ್ಲ, ತಿದ್ದಿಕೊಳ್ಳದಿರುವುದು ದೋಷ. ನಂಬಿಕೆಗೂ ಹಟಕ್ಕೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮಾತು ಅಪರೂಪ.

ಲೇಶ್ಯೆಗಳ ಪ್ರಕರಣದಲ್ಲಿ ಬರುವ ದೃಷ್ಟಾಂತವು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಪರಿಚಿತ. ಆರು ಮಂದಿ ಪಥಿಕರು ಕಾಡಿನಲ್ಲಿ ದಾರಿತಪ್ಪಿ ಹಣ್ಣು ತುಂಬಿದ ಮರವನ್ನು ಕಂಡರು. ಒಬ್ಬನು ಮರವನ್ನು ಬುಡಸಹಿತ ಕಡಿಯಬೇಕೆಂದನು. ಒಬ್ಬನು ಕಾಂಡವನ್ನು, ಒಬ್ಬನು ಕೊಂಬೆಯನ್ನು, ಒಬ್ಬನು ರೆಂಬೆಯನ್ನು ಕಡಿದರೆ ಸಾಕೆಂದನು. ಐದನೆಯವನು ಹಣ್ಣನ್ನಷ್ಟೇ ಕೊಯ್ಯೋಣವೆಂದನು. ಆರನೆಯವನು ನೆಲಕ್ಕೆ ಉದುರಿದ ಹಣ್ಣೇ ಸಾಕೆಂದನು. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗಿನ ಪರಿಣಾಮಗಳು ಇವೇ. ಹಸಿವು ಆರೂ ಜನರಿಗೆ ಒಂದೇ. ಭಾವ ಮಾತ್ರ ಬೇರೆ ಬೇರೆ. ಶ್ರವಣಬೆಳಗೊಳದ ಜೈನಮಠದ ಭಿತ್ತಿಯ ಮೇಲೆ ಈ ಲೇಶ್ಯಾವೃಕ್ಷವನ್ನು ಚಿತ್ರಿಸಿದ್ದಾರೆ. ಗಾಥೆಯಲ್ಲಿದ್ದ ತತ್ತ್ವವು ಅಕ್ಷರವನ್ನರಿಯದವರ ಕಣ್ಣಿಗೂ ಹೀಗೆ ಬಣ್ಣಗಳಲ್ಲಿ ತೆರೆದುಕೊಂಡಿತು.

ಶಿಲೆಯಲ್ಲಿ ಮೂಡಿದ ಉತ್ತರ

ವಿಂಧ್ಯಗಿರಿಯ ಮೂರ್ತಿಯ ಪ್ರತಿಷ್ಠೆಯು 981ರಲ್ಲಿ ನಡೆಯಿತೆಂಬುದು ಬಹುಮಾನ್ಯವಾದ ಅಭಿಪ್ರಾಯ. ಬೆಟ್ಟದ ನೆತ್ತಿಯ ಬಂಡೆಯನ್ನೇ ಕಡೆದು ಬಿಡಿಸಿದ ಸುಮಾರು 58 ಅಡಿ ಎತ್ತರದ ಈ ಬಿಂಬವು ಉತ್ತರಾಭಿಮುಖವಾಗಿ, ತೊಡೆಯಿಂದ ಮೇಲೆ ಯಾವ ಆಸರೆಯೂ ಇಲ್ಲದೆ, ಕಾಯೋತ್ಸರ್ಗದಲ್ಲಿ ನಿಂತಿದೆ. ಪಾದಗಳ ಇಕ್ಕೆಲದಲ್ಲಿ ಹುತ್ತಗಳು, ಅವುಗಳಿಂದ ಹೊರಬರುವ ಸರ್ಪಗಳು. ತೊಡೆ–ತೋಳುಗಳನ್ನು ಸುತ್ತಿ ಏರಿದ ಮಾಧವೀಲತೆ. ಪಾದದ ಬಳಿಯ ಚಿಕ್ಕ ಶಾಸನಗಳು ಚಾವುಂಡರಾಯನು ಮಾಡಿಸಿದನೆಂಬುದನ್ನು ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳಲ್ಲಿ ಹೇಳುತ್ತವೆ. ಅಷ್ಟು ಬಿರುದುಗಳಿದ್ದವನ ಒಂದು ಬಿರುದೂ ಅಲ್ಲಿಲ್ಲ.

ಈ ಬಿಂಬದ ಸೌಂದರ್ಯವನ್ನು ಸುಮಾರು 1180ರ ಶಾಸನವೊಂದರಲ್ಲಿ ಬೊಪ್ಪಣ ಪಂಡಿತನು ವಿವೇಚಿಸಿದ್ದಾನೆ. ಪೌದನಪುರದಲ್ಲಿ ಭರತಚಕ್ರಿಯು ನಿಲ್ಲಿಸಿದ್ದ ಬಾಹುಬಲಿಯ ಬಿಂಬವು ಕುಕ್ಕುಟಸರ್ಪಗಳಿಂದ ಆವೃತವಾಗಿ ದುರ್ಗಮವಾಯಿತೆಂದು ಕೇಳಿದ ಚಾವುಂಡರಾಯನು, ಅಂಥ ಬಿಂಬವನ್ನು ಇಲ್ಲಿಯೇ ಮಾಡಿಸಲು ಸಂಕಲ್ಪಿಸಿದನೆಂದು ಅವನು ಹೇಳುತ್ತಾನೆ. ಕಲೆಯ ಬಗೆಗೆ ಅವನು ಹೇಳುವ ವಿಚಾರ ಮನನೀಯವಾದುದು: ಬಿಂಬವು ಬಹಳ ಎತ್ತರವಾದರೆ ಚೆಲುವು ಇಲ್ಲದಿರಬಹುದು, ಎತ್ತರವೂ ಚೆಲುವೂ ಕೂಡಿದರೂ ಅತಿಶಯವಿಲ್ಲದಿರಬಹುದು, ಈ ಮೂರೂ ಗೊಮ್ಮಟನಲ್ಲಿ ನೆಲೆಸಿವೆ. ಎತ್ತರವು ಶಿಲ್ಪಿಯ ಸಾಹಸದಿಂದ, ಚೆಲುವು ಅವನ ಕೌಶಲದಿಂದ ಬರಬಹುದು. ಅತಿಶಯವಾದರೋ ಮಾಡಿಸಿದವನ, ಮಾಡಿದವನ, ನೋಡುವವನ ಭಾವಶುದ್ಧಿಯನ್ನು ಅಪೇಕ್ಷಿಸುತ್ತದೆ.

ರಾಯನು ಬಾಹುಬಲಿಯನ್ನೇ ಏಕೆ ಆರಿಸಿಕೊಂಡನು? ಬಾಹುಬಲಿಸ್ವಾಮಿಯು ತೀರ್ಥಂಕರನಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಅಣ್ಣನನ್ನು ಗೆದ್ದು, ಎತ್ತಿದ ಅಣ್ಣನನ್ನು ನೆಲಕ್ಕಪ್ಪಳಿಸದೆ, ಗೆದ್ದ ರಾಜ್ಯವನ್ನು ಬಿಟ್ಟು ನಡೆದವನು. ವರ್ಷವಿಡೀ ನಿಂತು ತಪಸ್ಸು ಮಾಡಿದರೂ ಕೇವಲಜ್ಞಾನವು ತಡೆಯಿತು; ತನ್ನಿಂದ ಭರತನಿಗೆ ಕ್ಲೇಶವಾಯಿತೆಂಬ ಒಂದು ನೆನಪು ಹೃದಯದಲ್ಲಿ ಉಳಿದಿತ್ತೆಂದು ಜಿನಸೇನಾಚಾರ್ಯರ ಪೂರ್ವಪುರಾಣ ಹೇಳುತ್ತದೆ. ಭರತನೇ ಬಂದು ಪೂಜಿಸಿದಾಗ ಆ ಶಲ್ಯ ಕಳಚಿತು. ತಮ್ಮನಿಗಾಗಿ ಕೊಂದ ಸಮರಪರಶುರಾಮನು ಈ ಕಥೆಯನ್ನು ತನ್ನ ಪುರಾಣದಲ್ಲಿ ಗದ್ಯವಾಗಿ ಬರೆದನು, ಬೆಟ್ಟದ ಮೇಲೆ ಶಿಲೆಯಾಗಿ ನಿಲ್ಲಿಸಿದನು. ಗೆಲವಿನ ಮುಂದೇನು ಎಂಬ ಪ್ರಶ್ನೆಗೆ ಗಾಥೆಯು ಬುದ್ಧಿಗೆ ಉತ್ತರವಿತ್ತರೆ, ಬಿಂಬವು ಕಣ್ಣಿಗೆ ಉತ್ತರವಿತ್ತಿತು.

ಇಷ್ಟರಿಂದಲೂ ಪಾಠ ಮುಗಿಯಲಿಲ್ಲವೆಂದು ಬೆಳಗೊಳದ ಐತಿಹ್ಯ ನುಡಿಯುತ್ತದೆ. ಪ್ರಥಮಾಭಿಷೇಕದಲ್ಲಿ ಕೊಡಗಟ್ಟಲೆ ಹಾಲು ಸುರಿದರೂ ಅದು ಬಿಂಬದ ಪಾದವನ್ನು ಮುಟ್ಟಲಿಲ್ಲ. ಗುಳ್ಳಕಾಯಿಯ ಚಿಪ್ಪಿನಲ್ಲಿ ಹಾಲು ತಂದ ಅಜ್ಜಿಯೊಬ್ಬಳ ಅಭಿಷೇಕದಿಂದ ಬಿಂಬವೆಲ್ಲ ತೊಯ್ದಿತು. ರಾಯನಲ್ಲಿ ಉಳಿದಿದ್ದ ಕರ್ತೃತ್ವದ ಮಾನವು ಆಗ ಕರಗಿತು. ಗೊಮ್ಮಟನೆದುರು ಪ್ರಾಕಾರದ ಹೊರಗೆ ಗುಳ್ಳಕಾಯಜ್ಜಿಯ ಪ್ರತಿಮೆ ಇಂದಿಗೂ ನಿಂತಿದೆ. ಸಿದ್ಧಾಂತಚಕ್ರವರ್ತಿಗಳ ಶಿಷ್ಯನಿಗೆ ಕೊನೆಯ ಪಾಠವನ್ನು ಹೇಳಿದವಳು ಹೆಸರೇ ಇಲ್ಲದ ಒಬ್ಬ ಮುದುಕಿ ಎಂಬುದನ್ನು ಜನಪರಂಪರೆ ಮರೆತಿಲ್ಲ.

ಉಳಿದ ಉತ್ತರ, ಅಳಿದ ದನಿ

ಕರ್ಮಕಾಂಡದ ಕೊನೆಯ ಗಾಥೆಗಳು ಈ ಸಂವಾದದ ಇನ್ನೊಂದು ಮುಖವನ್ನು ತೋರಿಸುತ್ತವೆ. ಅಲ್ಲಿ ನೇಮಿಚಂದ್ರರು ರಾಯನು ಮಾಡಿಸಿದ ಬಿಂಬವನ್ನೂ ಜಿನಾಲಯವನ್ನೂ ಕೊಂಡಾಡಿ, ಗೊಮ್ಮಟಸೂತ್ರವನ್ನು ಬರೆಯುತ್ತಿದ್ದ ಕಾಲದಲ್ಲಿಯೇ ಗೊಮ್ಮಟರಾಯನು ಅದಕ್ಕೆ ದೇಶಭಾಷೆಯಲ್ಲಿ ‘ವೀರಮಾರ್ತಾಂಡಿ’ ಎಂಬ ವೃತ್ತಿಯನ್ನು ರಚಿಸಿದನೆಂದು ಹೇಳಿ ಅವನಿಗೆ ಚಿರಜಯವನ್ನು ಹಾರೈಸುತ್ತಾರೆ. ಗುರು ಪ್ರಾಕೃತದಲ್ಲಿ ಹೇಳಿದುದನ್ನು ಶ್ರಾವಕನು ತನ್ನ ಜನರ ನುಡಿಯಲ್ಲಿ ಬರೆದುಕೊಂಡನು. ಗೋನೂರಿನ ಬಯಲಿನಲ್ಲಿ ರಕ್ತದಿಂದ ಗಳಿಸಿದ ಬಿರುದನ್ನು ಒಂದು ಟೀಕೆಗೆ ಹೆಸರಾಗಿ ಇಟ್ಟನು. ಬಿರುದಿಗೆ ಇದಕ್ಕಿಂತ ಉತ್ತಮವಾದ ಸದ್ಗತಿ ಇರಲಾರದು.

ದುರ್ದೈವದಿಂದ ವೀರಮಾರ್ತಾಂಡಿಯು ಇಂದು ಉಪಲಬ್ಧವಿಲ್ಲ. ಗುರುವಿನ ಉತ್ತರ ಉಳಿಯಿತು. ಪ್ರಶ್ನಿಸಿದವನ ಕನ್ನಡ ದನಿ ಅಳಿಯಿತು. ವಿಂಧ್ಯಗಿರಿಯ ತ್ಯಾಗದ ಬ್ರಹ್ಮದೇವ ಕಂಬದ ಮೇಲೆ ಅವನ ಚರಿತ್ರೆಯನ್ನು ಕೆತ್ತಿದ ದೊಡ್ಡ ಶಾಸನವಿತ್ತು. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬವನು ತನ್ನದೊಂದು ಪುಟ್ಟ ಶಾಸನಕ್ಕಾಗಿ ಅದರ ಮೂರು ಮುಖಗಳನ್ನು ಒರಸಿಹಾಕಿದನು. ಕಳೆದುಹೋದುದು ಪರರ ಕೈಯಿಂದಲ್ಲ, ನಮ್ಮವರ ಅಲಕ್ಷ್ಯದಿಂದ ಎಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

ಆದರೂ ಸಂವಾದ ನಿಲ್ಲಲಿಲ್ಲ. 1359ರಲ್ಲಿ ಕೇಶವಣ್ಣನು ಗೊಮ್ಮಟಸಾರಕ್ಕೆ ಕರ್ಣಾಟಕ ವೃತ್ತಿಯನ್ನು ಬರೆದನು. ಸಂಸ್ಕೃತದ ಜೀವತತ್ತ್ವಪ್ರದೀಪಿಕೆಯು ಈ ಕನ್ನಡ ವೃತ್ತಿಯನ್ನೇ ಅನುಸರಿಸಿದೆಯೆಂದು ಉಪಾಧ್ಯೆಯವರು ತೋರಿಸಿಕೊಟ್ಟರು. ಆ ಸಂಸ್ಕೃತ ಟೀಕೆಯನ್ನು ಆಧರಿಸಿ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಢುಂಢಾರಿ ಭಾಷೆಯಲ್ಲಿ ಸಮ್ಯಗ್ಜ್ಞಾನಚಂದ್ರಿಕೆಯನ್ನು ರಚಿಸಿದರು. ಉತ್ತರಭಾರತದ ಶ್ರಾವಕನು ಗೊಮ್ಮಟಸಾರವನ್ನು ಅರಿತ ದಾರಿಯಲ್ಲಿ ಕನ್ನಡದ ದೀಪವೂ ಒಂದು ಎಂಬುದು ಅಭಿಮಾನದ ವಿಷಯ.

ಮೂಲ ಸಿದ್ಧಾಂತಗ್ರಂಥಗಳ ಕಥೆಯೂ ಇಂಥದೇ. ಧವಲಾದಿ ಗ್ರಂಥಗಳ ಓಲೆಯ ಪ್ರತಿಗಳು ಮೂಡಬಿದರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದವು. ಅವು ಹಳಗನ್ನಡ ಲಿಪಿಯ ಪ್ರತಿಗಳು. ಭಕ್ತರಿಗೆ ಅವುಗಳ ದರ್ಶನವಿದ್ದಿತು, ಅಧ್ಯಯನವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ತೊಡಗಿ, 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟ ಮುದ್ರಣಗೊಂಡಿತು. ಧವಲಾಟೀಕೆ ಒಟ್ಟು 16 ಸಂಪುಟಗಳಲ್ಲಿ ಹೊರಬಂದಿತು. ಕಾಪಾಡಿದವರ ಭಕ್ತಿಯಿಲ್ಲದಿದ್ದರೆ ಗ್ರಂಥ ಉಳಿಯುತ್ತಿರಲಿಲ್ಲ. ತೆರೆದವರ ಜಿಜ್ಞಾಸೆಯಿಲ್ಲದಿದ್ದರೆ ಗ್ರಂಥ ಇದ್ದೂ ಇಲ್ಲದಂತಿರುತ್ತಿತ್ತು.

ಬಸದಿಯ ಧರ್ಮ

ತ್ಯಾಗದ ಕಂಬದ ಪೀಠದ ದಕ್ಷಿಣಮುಖದಲ್ಲಿ ಇಬ್ಬರ ಉಬ್ಬುಚಿತ್ರಗಳಿವೆ. ಅವರು ಚಾವುಂಡರಾಯ ಮತ್ತು ನೇಮಿಚಂದ್ರರೆಂದು ಪರಂಪರೆ ಗುರುತಿಸುತ್ತದೆ. ಮೇಲಿನ ಅಕ್ಷರಗಳು ಅಳಿದರೂ ಕೆಳಗೆ ಗುರುಶ್ರಾವಕರು ಸಾವಿರ ವರ್ಷಗಳಿಂದ ಜೊತೆಯಲ್ಲಿದ್ದಾರೆ.

ನೂತನ ಬಿಂಬಕ್ಕೆ ಪಂಚಕಲ್ಯಾಣ ವಿಧಿಗಳು ನಡೆದು ಪೂಜ್ಯತ್ವ ಬಂದ ಮೇಲೆ ನಿತ್ಯಾಭಿಷೇಕ, ಅಷ್ಟವಿಧಾರ್ಚನೆ, ಪರ್ವದಿನಗಳ ಉತ್ಸವಗಳು ನಡೆಯುವುದರಲ್ಲಿ ಸಂದೇಹವಿಲ್ಲ. ಅವುಗಳೊಡನೆ ಬಸದಿಯ ಮಂಟಪದಲ್ಲಿ ಶಾಸ್ತ್ರಪೀಠವೂ ತೆರೆದಿರಬೇಕು. ಅದರ ಮುಂದೆ ಕುಳಿತು ಸಂಕೋಚವಿಲ್ಲದೆ ಕೇಳುವ ಶ್ರಾವಕ–ಶ್ರಾವಿಕೆಯರೂ ಮಕ್ಕಳೂ ಇರಬೇಕು. ಕೇಳಿದವರನ್ನು ಅಧಿಕಪ್ರಸಂಗಿಗಳೆಂದು ಹಿಂದಟ್ಟದೆ, ಅವರ ಯೋಗ್ಯತೆಗೆ ತಕ್ಕ ಸಾರವನ್ನು ಸಂಗ್ರಹಿಸಿ ಹೇಳುವ ವಾತ್ಸಲ್ಯವು ತಿಳಿದವರಲ್ಲಿ ಇರಬೇಕು. ತಿಳಿದುದನ್ನು ನಮ್ಮ ನುಡಿಯಲ್ಲಿ ಬರೆದಿಟ್ಟು, ಬರೆದುದನ್ನು ಕಾಪಾಡಿ ಮುಂದಿನವರಿಗೆ ಒಪ್ಪಿಸಬೇಕು. ಇನ್ನೊಂದು ವೀರಮಾರ್ತಾಂಡಿ ನಷ್ಟವಾಗಬಾರದು.

ಮುಚ್ಚಿದ ಗ್ರಂಥದ ಮುಂದೆ ನಿಂತು ವಿನಯದಿಂದ ಕೇಳಿದ ಒಂದು ಪ್ರಶ್ನೆಯಿಂದ ಗೊಮ್ಮಟಸಾರ ನಮಗೆ ದೊರೆಯಿತು. ಅಂಥ ವಿನಯವೂ ಅಂಥ ಧೈರ್ಯವೂ ಈ ಜಿನಾಲಯದ ನೆರಳಿನಲ್ಲಿ ಬೆಳೆಯಲಿ, ಸರ್ವಜೀವರಿಗೂ ಮಂಗಳವಾಗಲಿ.